ಮೊದಲ ಡೋಸ್ ಘಟ್ಟದ ಮೇಲೇ ಸಿಗಲಿ: ಹಾವು ಕಡಿತದ ಬಗ್ಗೆ ಓದುಗರ ಪ್ರಶ್ನೆಗಳು

ಮಳೆ ಹಿಡಿದು ಮೂರು ವಾರ ಆಯಿತು. ಈ ಸಲ ನನ್ನ ಮೇಜಿಗೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಾವಿನವು. ಹಾಗಾಗಿ ಬಿ.ಪಿ., ಸಕ್ಕರೆ ಕಾಯಿಲೆಯ ಪ್ರಶ್ನೆ ಕಳಿಸಿದವರು ಒಂದು ತಿಂಗಳು ಕಾಯಬೇಕು, ಬೇಸರ ಮಾಡಿಕೊಳ್ಳಬೇಡಿ.

ನಾನು 27 ವರ್ಷ ಘಟ್ಟದ ಮೇಲಿನ, ಕೆಳಗಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವಳು. ಈಗ ಶಿರಸಿ ಸೀಮೆಯಲ್ಲಿದ್ದೇನೆ. ನಮ್ಮ ಮನೆಯಲ್ಲೂ ತೋಟ ಇದೆ, ಕೊಟ್ಟಿಗೆ ಇದೆ, ಹಾವೂ ಇದೆ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ವರ್ಷಕ್ಕೆ 58,000. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಆಗುತ್ತದೆ. ನಾವು ಗದ್ದೆ ನಾಟಿಗೆ ಇಳಿಯುವುದು, ಅಡಿಕೆಗೆ ಕೊಳೆ ಔಷಧಿ ಹೊಡೆಯುವುದು, ದನಕ್ಕೆ ಹಸಿಹುಲ್ಲು ಕೊಯ್ಯುವುದು ಎಲ್ಲ ಆ ನಾಲ್ಕು ತಿಂಗಳಲ್ಲೇ ಅಲ್ವಾ?

ಪ್ರಶ್ನೆ: ಡಾಕ್ಟ್ರೇ, ಹೋದ ವರ್ಷ ಆಗಸ್ಟಿನಲ್ಲಿ ನಮ್ಮ ಭಾವ ತೋಟದಲ್ಲಿ ಹುಲ್ಲು ಕೊಯ್ಯುವಾಗ ಪಾದಕ್ಕೆ ಹಾವು ಕಚ್ಚಿತು. ಕೊಳಕುಮಂಡಲ ಅಂತ ನೋಡಿದವರು ಹೇಳಿದರು. ಮೊಣಕಾಲಿನ ಕೆಳಗೆ ಬಾಳೆಪಟ್ಟೆ ಬಿಗಿದು ಕಟ್ಟಿ, ಔಷಧಿ ಕೊಡುವವರ ಮನೆಗೆ ಕರೆದುಕೊಂಡು ಹೋದೆವು. ಅಲ್ಲಿಂದ ಆಸ್ಪತ್ರೆಗೆ ಬರುವಾಗ ನಾಲ್ಕು ತಾಸು ಆಗಿತ್ತು. ಜೀವ ಉಳಿಯಿತು, ಆದರೆ ಕಿಡ್ನಿ ಕೆಟ್ಟು ಮೂರು ವಾರ ಡಯಾಲಿಸಿಸ್ ಮಾಡಿಸಬೇಕಾಯಿತು. ಕಾಲಿನ ಗಾಯ ಮಾಯಲು ದೀಪಾವಳಿ ಬಂತು. ಎಲ್ಲಿ ತಪ್ಪಿದೆವು? (ವಾನಳ್ಳಿ ಸಮೀಪದ ಓದುಗರು)

ತಂಗೀ, ಮೊದಲು ಒಂದು ಮಾತು. ಆ ಹೊತ್ತಿನಲ್ಲಿ ನಿಮಗೆ ಗೊತ್ತಿದ್ದದ್ದನ್ನು ನೀವು ಮಾಡಿದಿರಿ. ಭಾವನನ್ನು ಕಳೆದುಕೊಳ್ಳಲಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಂಡು ಕೊರಗಬೇಡಿ.

ಮಂಡಲದ ವಿಷ ಕೆಲಸ ಮಾಡುವುದು ಮುಖ್ಯವಾಗಿ ರಕ್ತದ ಮೇಲೆ. ಗಾಯ ಆದಾಗ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ನಮ್ಮಲ್ಲಿ ಇರುತ್ತವಲ್ಲ, ಆ ವಿಷ ಅವನ್ನೆಲ್ಲ ಒಂದೇ ಸಲಕ್ಕೆ ಖರ್ಚು ಮಾಡಿಸಿಬಿಡುತ್ತದೆ. ಆಮೇಲೆ ವಸಡಿನಲ್ಲಿ, ಮೂತ್ರದಲ್ಲಿ, ಹಳೇ ಗಾಯದಲ್ಲಿ ರಕ್ತ ಬರಲು ಶುರು. ಕಿಡ್ನಿಗೆ ಪೆಟ್ಟು ಬೀಳುವುದೂ ಇದೇ ದಾರಿಯಲ್ಲಿ. ಎಎಸ್‌ವಿ ಅಂತ ಕರೆಯುವ ಹಾವಿನ ಇಂಜೆಕ್ಷನ್ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ. ಆಗಲೇ ಆಗಿಹೋದ ಹಾನಿಯನ್ನು ಅದು ಸರಿ ಮಾಡುವುದಿಲ್ಲ. ನಾಲ್ಕು ತಾಸು ಅಂದರೆ ಕಿಡ್ನಿಗೆ ಬಹಳ ದೊಡ್ಡ ಹೊತ್ತು.

ಬಾಳೆಪಟ್ಟೆ ಕಟ್ಟಿದ್ದರಿಂದ ಇನ್ನೊಂದು ತೊಂದರೆ ಆಯಿತು. ಬಿಗಿದು ಕಟ್ಟಿದರೂ ವಿಷ ಪೂರ್ತಿ ನಿಲ್ಲುವುದಿಲ್ಲ. ಆದರೆ ಕಾಲಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಮಂಡಲದ ವಿಷ ಅಲ್ಲೇ ಮಾಂಸವನ್ನು ಕೊಳೆಸುತ್ತದೆ. ಅದರ ಮೇಲೆ ಕಟ್ಟೂ ಸೇರಿದರೆ ಕಾಲು ಉಳಿಸುವುದೇ ಕಷ್ಟ. ಬ್ಲೇಡಿನಿಂದ ಕೊಯ್ಯುವುದು, ಬಾಯಿ ಹಾಕಿ ಹೀರುವುದು, ಗಾಯವನ್ನು ಗಸಗಸ ಉಜ್ಜಿ ತೊಳೆಯುವುದು ಯಾವುದೂ ಬೇಡ. ಯಾರಾದರೂ ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಪಟ್ಟನೆ ಬಿಚ್ಚಬೇಡಿ. ತಡೆದು ನಿಂತ ವಿಷ ಒಮ್ಮೆಲೇ ಮೈಗೆ ಏರಬಹುದು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಔಷಧಿ ಸಿದ್ಧ ಮಾಡಿಕೊಂಡು ನಾವೇ ಬಿಚ್ಚುತ್ತೇವೆ.

ಮಾಡಬೇಕಾದ್ದು ಇಷ್ಟು. ಅವರನ್ನು ಅಲ್ಲೇ ಕೂರಿಸಿ ಅಥವಾ ಮಲಗಿಸಿ. ಓಡಿಸಬೇಡಿ, ದರೆ ಹತ್ತಿಸಬೇಡಿ. ಕಾಲುಂಗುರ, ಉಂಗುರ, ಬಳೆ, ವಾಚು, ಬೂಟು ತೆಗೆಯಿರಿ. ಬಾವು ಬಂದ ಮೇಲೆ ತೆಗೆಯಲು ಆಗುವುದಿಲ್ಲ. ಮುರಿದ ಕಾಲಿಗೆ ಕಟ್ಟುವ ಹಾಗೆ ಕಾಲಿನ ಎರಡೂ ಕಡೆ ಅಡಿಕೆ ದಬ್ಬೆ ಇಟ್ಟು, ಹಳೇ ಪಂಚೆ ಹರಿದು ಸಡಿಲವಾಗಿ ಸುತ್ತಿ. ಪಂಚೆಯ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಆಸರಿಗೆ, ಕಷಾಯ, ಮದ್ಯ ಏನೂ ಕೊಡಬೇಡಿ. ವಾಂತಿ ಬಂದರೆ ಎಡ ಮಗ್ಗುಲಿಗೆ ಮಲಗಿಸಿ. ಯಾವ ಹೊತ್ತಿಗೆ ಕಚ್ಚಿತು ಅಂತ ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ, ಹೊರಡಿ.

ಆಸ್ಪತ್ರೆಗೆ ಬಂದ ಮೇಲೂ ಕೆಲವರು ಸಿಟ್ಟು ಮಾಡುತ್ತಾರೆ: "ಬಂದು ಇಪ್ಪತ್ತು ನಿಮಿಷ ಆಯ್ತು, ಇವರು ಸುಮ್ನೆ ಗಾಜಿನ ನಳಿಗೆ ನೋಡ್ತಾ ಕೂತಿದ್ದಾರೆ." ಆ ನಳಿಗೆಯ ಕತೆ ಹೇಳುತ್ತೇನೆ. ಬೆರಳುದ್ದದ, ಹೊಸದಾದ, ಒಣಗಿದ ಗಾಜಿನ ನಳಿಗೆ. ಅದರಲ್ಲಿ ಎರಡು ಮಿಲಿ ರಕ್ತ. ಮೇಜಿನ ಮೂಲೆಯಲ್ಲಿ ನೇರ ನಿಲ್ಲಿಸಿ 20 ನಿಮಿಷ ಯಾರೂ ಮುಟ್ಟಬಾರದು. ಆಮೇಲೆ ಒಂದೇ ಸಲ ಬಗ್ಗಿಸಿ ನೋಡುವುದು. ರಕ್ತ ಸರಿ ಇದ್ದರೆ ಗಿಣ್ಣದ ಹಾಗೆ ಗಟ್ಟಿಯಾಗಿ ತಳದಲ್ಲೇ ನಿಂತಿರುತ್ತದೆ. ಮಂಡಲದ ವಿಷ ಏರಿದ್ದರೆ ಮುರುಗಲು ಪಾನಕದ ಹಾಗೆ ಹರಿದು ಬಾಯಿಗೆ ಬರುತ್ತದೆ. ಪ್ಲಾಸ್ಟಿಕ್ ನಳಿಗೆಯಲ್ಲಿ, ಸೋಪು ಹಾಕಿ ತೊಳೆದ ನಳಿಗೆಯಲ್ಲಿ ಈ ಪರೀಕ್ಷೆ ನಂಬುವ ಹಾಗಿಲ್ಲ. ಕರೆಂಟಿಲ್ಲದ ರಾತ್ರಿ, ಲ್ಯಾಬಿನವರಿಲ್ಲದ ಭಾನುವಾರ, ನಮ್ಮಂಥವರ ಕೈಯಲ್ಲಿರುವ ದೊಡ್ಡ ಸಾಧನ ಇದೇ. ಔಷಧಿ ಕೊಟ್ಟ ಮೇಲೆ ಆರು ತಾಸು ಬಿಟ್ಟು ಮತ್ತೆ ಹೀಗೇ ನೋಡುತ್ತೇವೆ. ಖರ್ಚಾದ ಅಂಶಗಳನ್ನು ಲಿವರ್ ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು. ಆದರೆ ಬಾವು ಏರುತ್ತಿದ್ದರೆ, ವಸಡಿನಲ್ಲಿ ರಕ್ತ ಕಂಡರೆ, ಕಣ್ಣಿನ ರೆಪ್ಪೆ ಇಳಿದಿದ್ದರೆ ನಳಿಗೆಗಾಗಿ ಕಾಯುವುದಿಲ್ಲ, ಔಷಧಿ ಶುರು ಮಾಡುತ್ತೇವೆ.

ಭಾವನಿಗೆ ಮೂರು ತಿಂಗಳಿಗೊಮ್ಮೆಯಾದರೂ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ), ಬಿ.ಪಿ. ನೋಡಿಸಿ. ಮೈಕೈ ನೋವು ಅಂತ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು.

ಪ್ರಶ್ನೆ: ಹಾವಿನ ಇಂಜೆಕ್ಷನ್ ಮೆಡಿಕಲ್ ಶಾಪಿನಲ್ಲಿ ತಂದು ಮನೆಯ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಬಹುದೇ? ನಮ್ಮಲ್ಲೊಬ್ಬರು ಕಂಪೌಂಡರ್ ಇದ್ದಾರೆ. (ಹುಲೇಕಲ್ ಕಡೆಯ ಕೃಷಿಕರು)

ಬೇಡ. ಅದು ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ಅಲ್ಲ. ಒಂದಲ್ಲ, ಸಾಮಾನ್ಯವಾಗಿ ಹತ್ತು ವಯಲ್ (ಸಣ್ಣ ಗಾಜಿನ ಸೀಸೆ) ಪುಡಿಯನ್ನು ನೀರಿನಲ್ಲಿ ಕರಗಿಸಿ, ಸಲೈನಿನಲ್ಲಿ ಸೇರಿಸಿ, ಒಂದು ತಾಸಿನಲ್ಲಿ ನರಕ್ಕೆ ಬಿಡಬೇಕು. ಅದನ್ನು ತಯಾರಿಸುವುದು ಕುದುರೆಯ ರಕ್ತದಿಂದ. ಕೆಲವರ ಮೈ ಅದನ್ನು ಒಪ್ಪುವುದಿಲ್ಲ. ಮೈ ತುಂಬ ದದ್ದು, ನಡುಕ, ಬಿ.ಪಿ. ಕುಸಿತ, ಉಸಿರು ಕಟ್ಟುವುದು ಎಲ್ಲ ಕೆಲವೇ ನಿಮಿಷದಲ್ಲಿ ಆಗಬಹುದು. ಪಕ್ಕದಲ್ಲಿ ಇಂಥ ರಿಯಾಕ್ಷನ್ನಿಗೆ ಮದ್ದಾದ ಅಡ್ರಿನಾಲಿನ್ ತುಂಬಿದ ಸಿರಿಂಜ್ ಇಟ್ಟುಕೊಂಡೇ ನಾವು ಶುರು ಮಾಡುವುದು. ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನು ಪುಕ್ಕಟೆ ಕೊಡುತ್ತಾರೆ. ನಿಮ್ಮ ದುಡ್ಡಿನಲ್ಲಿ ಮನೆಗೆಲ್ಲ ಗಂಬೂಟು, ಒಳ್ಳೇ ಬ್ಯಾಟರಿ ತೆಗೆದುಕೊಳ್ಳಿ.

ಪ್ರಶ್ನೆ: ನಮ್ಮದು ಜೋಯಿಡಾ ತಾಲೂಕಿನ ಒಳಹಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರ 22 ಕಿಲೋಮೀಟರ್. ಮೊಬೈಲ್ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಲುಸಂಕವೇ ಗತಿ. ನಮ್ಮಂಥವರು ಏನು ಮಾಡಬೇಕು? ಸಣ್ಣ ಆಸ್ಪತ್ರೆಗೆ ಹೋಗಿ ಹೊತ್ತು ಕಳೆಯುವ ಬದಲು ಸೀದಾ ದೊಡ್ಡ ಊರಿಗೆ ಹೋಗುವುದು ಒಳ್ಳೆಯದಲ್ಲವೇ?

ಅಲ್ಲ ತಮ್ಮಾ. ಈ ತಿಂಗಳ ಪತ್ರಗಳಲ್ಲಿ ನನ್ನನ್ನು ರಾತ್ರಿ ನಿದ್ದೆಗೆ ಬಿಡದ ಪ್ರಶ್ನೆ ನಿಮ್ಮದೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

1998ರಲ್ಲಿ ನಾನು ಘಟ್ಟದ ಮೇಲಿನ ಒಂದು ಸಣ್ಣ ಆಸ್ಪತ್ರೆಗೆ ಹೊಸದಾಗಿ ಬಂದಿದ್ದೆ. ಜುಲೈ ತಿಂಗಳು. ಸಂಜೆ ಏಳರ ಹೊತ್ತಿಗೆ ನಾಲ್ಕು ಜನ ಒಬ್ಬರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತಂದರು. ನಲವತ್ತರ ಆಸುಪಾಸಿನ ಗಂಡಸು. ಗದ್ದೆ ಅಂಚಿನಲ್ಲಿ ನಾಗರಹಾವು ಕಚ್ಚಿತ್ತು. ಕಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. "ಅಮ್ಮಾ, ನೀವು ಇಬ್ಬರು ಕಾಣ್ತೀರಿ" ಅಂದರು. ಮಾತು ಆಗಲೇ ಮೂಗಿನಿಂದ ಬರುತ್ತಿತ್ತು. ನಮ್ಮ ಬೀರುವಿನಲ್ಲಿ ಆರು ವಯಲ್ ಇತ್ತು. ನಾನು ಅಲ್ಲಿಯವರೆಗೆ ಒಮ್ಮೆಯೂ ಅದನ್ನು ಒಬ್ಬಳೇ ಕೊಟ್ಟವಳಲ್ಲ. ರಿಯಾಕ್ಷನ್ ಆಗಿ ನನ್ನ ಕೈಯಲ್ಲೇ ಹೋಗಿಬಿಟ್ಟರೆ ಅಂತ ಹೆದರಿದೆ. ಚೀಟಿ ಬರೆದು ಜೀಪು ಹತ್ತಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಘಟ್ಟದ ನಡುವೆ ಉಸಿರು ನಿಂತಿತು. ಮರುದಿನ ಬೆಳಿಗ್ಗೆ ಬೀರು ತೆಗೆದಾಗ ಆರು ವಯಲ್ ಹಾಗೇ ಸಾಲಾಗಿ ನಿಂತಿದ್ದವು.

ಆ ಆರು ವಯಲ್ ಕೊಟ್ಟಿದ್ದರೆ, ಜೊತೆಗೆ ಸೋತ ಸ್ನಾಯುಗಳಿಗೆ ಬಲ ತರುವ ನಿಯೋಸ್ಟಿಗ್ಮಿನ್, ಅದರ ಅಡ್ಡಪರಿಣಾಮ ತಡೆಯುವ ಅಟ್ರೋಪಿನ್ ಕೊಟ್ಟಿದ್ದರೆ, ಜೀಪಿನಲ್ಲಿ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಹಿಡಿದು ನಾನೂ ಹತ್ತಿದ್ದರೆ ಅವರು ಬದುಕುವ ಸಾಧ್ಯತೆ ಬಹಳ ಇತ್ತು. ನಾಗರಹಾವಿನ ಕಡಿತದಲ್ಲಿ ನಿಯೋಸ್ಟಿಗ್ಮಿನ್ ಕೊಟ್ಟು ಅರ್ಧ ತಾಸಿನಲ್ಲಿ ರೆಪ್ಪೆ ಮೇಲೇಳುವುದನ್ನು ಆಮೇಲೆ ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಅವರ ಮುಖ ನೆನಪಾಗುತ್ತದೆ.

ಅದಕ್ಕೇ ಹೇಳುತ್ತೇನೆ. ಎಎಸ್‌ವಿ ಇರುವ, ಡಾಕ್ಟರಿರುವ ಹತ್ತಿರದ ಆಸ್ಪತ್ರೆ ಯಾವುದೋ ಅಲ್ಲಿಗೇ ಮೊದಲು ಹೋಗಿ. ವಿಷ ಏರಿದ ಲಕ್ಷಣ ಕಂಡರೆ ಮೊದಲ ಡೋಸ್ ಅಲ್ಲೇ ಬೀಳಬೇಕು. ಆಮೇಲೆ ಘಟ್ಟ ಇಳಿಯಿರಿ, ಇಲ್ಲವೇ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಿ. "ಇಲ್ಲಿ ಆಗೋದಿಲ್ಲ, ಕರೆದುಕೊಂಡು ಹೋಗಿ" ಅಂದರೆ ಕೈಮುಗಿದು ಕೇಳಿ: "ಮೊದಲ ಡೋಸ್ ಕೊಟ್ಟು ಕಳಿಸಿ." ಕೇಳುವುದು ನಿಮ್ಮ ಹಕ್ಕು. ಇದನ್ನು ಓದುತ್ತಿರುವ ನನ್ನ ಕಿರಿಯ ಡಾಕ್ಟರುಗಳಿಗೂ ಅದೇ ಮಾತು. ಹೆದರಿಕೆ ಆಗುತ್ತದೆ, ನನಗೆ ಗೊತ್ತು. ಅಡ್ರಿನಾಲಿನ್ ಸಿರಿಂಜಿಗೆ ಎಳೆದಿಟ್ಟುಕೊಳ್ಳಿ, ದೊಡ್ಡ ಆಸ್ಪತ್ರೆಯವರನ್ನು ಫೋನಿನಲ್ಲಿ ಹಿಡಿದುಕೊಳ್ಳಿ, ಶುರು ಮಾಡಿ. ಟೆಸ್ಟ್ ಡೋಸ್ ಬೇಕಿಲ್ಲ. ಮಗುವಿಗೂ ದೊಡ್ಡವರಷ್ಟೇ ಡೋಸ್. ಮಗು ಅಂತ ಹಾವು ಕಡಿಮೆ ವಿಷ ಬಿಟ್ಟಿರುವುದಿಲ್ಲ.

ಈಗ ನಿಮ್ಮ ಊರಿನ ವಿಷಯ. ಮುಂದಿನ ವಾರ ಬಿಸಿಲು ಬಿದ್ದ ದಿನ ನೀವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಮೂರು ಮಾತು ಕೇಳಿಕೊಂಡು ಬನ್ನಿ. ಎಎಸ್‌ವಿ ಎಷ್ಟು ವಯಲ್ ಇದೆ, ಅವಧಿ ಯಾವಾಗ ಮುಗಿಯುತ್ತದೆ? ರಾತ್ರಿ ಡಾಕ್ಟರ್ ಇರುತ್ತಾರೋ, ಇಲ್ಲದಿದ್ದರೆ ಮುಂದಿನ ಆಸ್ಪತ್ರೆ ಯಾವುದು? ಅವರ ಫೋನ್ ನಂಬರ್ ಏನು? ನಂಬರನ್ನು ದೊಡ್ಡದಾಗಿ ಬರೆದು ಅಂಗಡಿಯ ಬಾಗಿಲಿಗೆ, ಶಾಲೆಯ ಗೋಡೆಗೆ ಹಚ್ಚಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಖಾಸಗಿ ಆಸ್ಪತ್ರೆಯವರೂ ಸೇರಿ ಸರ್ಕಾರಕ್ಕೆ ವರದಿ ಮಾಡಬೇಕು ಅಂತ ನಿಯಮ ಬಂದಿದೆ. ಎಷ್ಟು ಜನರಿಗೆ ಕಚ್ಚಿತು ಅಂತ ಲೆಕ್ಕ ಹೋದರೆ ಎಷ್ಟು ವಯಲ್ ಬೇಕು ಅಂತ ಕೇಳಲು ನಮಗೂ ಬಾಯಿ ಬರುತ್ತದೆ. ಹಾಗಾಗಿ ಕಚ್ಚಿದ್ದು ಸಣ್ಣ ಹಾವಾದರೂ ಬಂದು ಹೆಸರು ಬರೆಸಿ.

ಕಚ್ಚಿದ ದಿನ ಒಬ್ಬರು ಗುಡ್ಡಕ್ಕೆ ಓಡಿ 108ಕ್ಕೂ ಆಸ್ಪತ್ರೆಗೂ ಫೋನ್ ಮಾಡಲಿ. ನಮ್ಮ ಕಡೆ ರಾತ್ರಿ ಹಾವಿನ ಹೆಸರು ಎತ್ತುವುದಿಲ್ಲ, "ಹುಳ ಮುಟ್ಟಿತು" ಅನ್ನುತ್ತೇವೆ. ಫೋನಿನಲ್ಲಿ ಹಾಗೆ ಹೇಳಬೇಡಿ. ಬೇರೆ ಊರಿನ ಸಿಸ್ಟರ್ ಜೇನುಹುಳ ಅಂದುಕೊಳ್ಳುತ್ತಾರೆ. ಹಾವು ಅಂತ ಬಾಯಿಬಿಟ್ಟು ಹೇಳಿ. ಉಳಿದವರು ಹೊರಡಿ. ಕಾಲುಸಂಕದವರೆಗೆ ಕಂಬಳಿ, ಬಿದಿರು ಗಳದ ಜೋಲಿ. ಅಲ್ಲಿಂದ ಆಚೆ ಗಾಡಿ ಬರುವ ಖಾತ್ರಿ ಇಲ್ಲದಿದ್ದರೆ ಬೈಕೇ ಸಾಕು: ಒಬ್ಬರು ಓಡಿಸಬೇಕು, ನಡುವೆ ರೋಗಿ, ಹಿಂದೊಬ್ಬರು ತಬ್ಬಿ ಹಿಡಿದು ಕೂರಬೇಕು. ಆಂಬುಲೆನ್ಸ್ ಎದುರಿಗೆ ಸಿಕ್ಕಲ್ಲಿ ಅದಕ್ಕೆ ಹತ್ತಿಸಿ. ಮನೆಯಲ್ಲಿ ಕೂತು ಕಾಯಬೇಡಿ. ದರೆ ಕುಸಿದು ರಸ್ತೆ ಬಂದಾಗಿದ್ದರೆ ಯಾವ ಕಡೆಯಿಂದ ಹೋಗಬೇಕು ಅಂತಲೂ ಊರಿನವರು ಮಳೆಗಾಲಕ್ಕೆ ಮೊದಲೇ ಮಾತಾಡಿಕೊಂಡಿರಬೇಕು. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ನಿಂತುಹೋಯಿತು. ಅಂಥ ದಿನವೂ ಹಾವು ಕಚ್ಚಬಹುದು.

ಪ್ರಶ್ನೆ: ಕಚ್ಚಿದ ಗುರುತೇ ಇಲ್ಲದೆ ಹಾವಿನ ವಿಷ ಏರುತ್ತದೆಯೇ? ನಮ್ಮ ಪಕ್ಕದ ಮನೆಯ ಹುಡುಗ ಬೆಳಿಗ್ಗೆ ಹೊಟ್ಟೆನೋವು ಅಂತ ಎದ್ದ. ಗ್ಯಾಸ್ಟ್ರಿಕ್ ಅಂದುಕೊಂಡರು. ಮಧ್ಯಾಹ್ನ ಹೋಗಿಬಿಟ್ಟ. ಹಾವು ಅಂತ ಆಮೇಲೆ ಹೇಳಿದರು, ನಂಬಲು ಆಗುತ್ತಿಲ್ಲ. (ಒಬ್ಬ ಶಾಲಾ ಶಿಕ್ಷಕಿ, ಯಲ್ಲಾಪುರ ತಾಲೂಕು)

ಏರುತ್ತದೆ. ನೀವು ಬರೆದದ್ದು ಕಟ್ಟುಹಾವಿನ ಲಕ್ಷಣದ ಹಾಗೇ ಇದೆ. ಕಪ್ಪು ಮೈ, ಬಿಳಿ ತೆಳು ಪಟ್ಟಿ. ಓಡಾಡುವುದು ರಾತ್ರಿ. ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುತ್ತದೆ, ಮಗ್ಗುಲಾದಾಗ ಕಚ್ಚುತ್ತದೆ. ಹಲ್ಲು ಬಹಳ ಸಣ್ಣದು. ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಗುರುತೂ ಇಲ್ಲ. ನಸುಕಿನಲ್ಲಿ ಹೊಟ್ಟೆನೋವು, ವಾಂತಿ, ಗಂಟಲು ಕಟ್ಟಿದ ಹಾಗೆ. ಆಮೇಲೆ ರೆಪ್ಪೆ ಇಳಿಯುತ್ತದೆ, ಜೊಲ್ಲು ನುಂಗಲಾಗುವುದಿಲ್ಲ, ಕತ್ತು ನಿಲ್ಲುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ ಮಗು ಬೆಳಿಗ್ಗೆ ಹೊಟ್ಟೆನೋವು ಅಂದರೆ ಕಣ್ಣು ನೋಡಿ. "ಮೇಲೆ ನೋಡು" ಅಂತ ಹೇಳಿ. ರೆಪ್ಪೆ ಮೇಲೇಳದಿದ್ದರೆ ತಿಂಡಿಗೂ ಕಾಯಬೇಡಿ.

ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ. ಎಎಸ್‌ವಿ ಕೊಟ್ಟರೂ ಆ ತುದಿ ಮತ್ತೆ ಚಿಗುರಲು ದಿನಗಳು ಬೇಕು. ಅಲ್ಲಿಯವರೆಗೆ ಯಾರಾದರೂ ಉಸಿರು ಕೊಡುತ್ತಿದ್ದರೆ ರೋಗಿ ಬದುಕುತ್ತಾನೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹನ್ನೆರಡು ವರ್ಷದ ಹುಡುಗ. ನಮ್ಮಲ್ಲಿ ಹತ್ತು ವಯಲ್ ಕೊಟ್ಟೆವು. ಅಷ್ಟರಲ್ಲಿ ಉಸಿರು ನಿಂತಿತು. ಗಂಟಲಿಗೆ ಟ್ಯೂಬ್ ಹಾಕಿ, ಆಂಬು ಬ್ಯಾಗ್ ಒತ್ತುತ್ತಾ ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೊರಟೆವು. ಸುಮಾರು 70 ಕಿಲೋಮೀಟರ್. ನಾನು, ಸ್ಟಾಫ್ ನರ್ಸ್, ಹುಡುಗನ ಚಿಕ್ಕಪ್ಪ ಮೂವರೂ ಸರದಿಯಲ್ಲಿ ಒತ್ತಿದೆವು. ಒಂದು, ಎರಡು, ಮೂರು, ನಾಲ್ಕು, ಒತ್ತು. ಒಂದು, ಎರಡು, ಮೂರು, ನಾಲ್ಕು, ಒತ್ತು. ಹೆಬ್ಬೆರಳಿನ ಬುಡ ಮರಗಟ್ಟಿಹೋಗಿತ್ತು. ಹುಡುಗ ನೋಡಲು ಸತ್ತವನ ಹಾಗೇ ಇದ್ದ. ಬೆರಳು ಆಡುತ್ತಿಲ್ಲ, ಕಣ್ಣಿಗೆ ಬ್ಯಾಟರಿ ಬಿಟ್ಟರೆ ಪಾಪೆ ಅಲ್ಲಾಡುತ್ತಿಲ್ಲ. "ಯಾಕಮ್ಮ ಇನ್ನೂ ಒತ್ತೋದು" ಅಂತ ಚಿಕ್ಕಪ್ಪ ಒಮ್ಮೆ ಅತ್ತುಬಿಟ್ಟರು. ಅವನ ಕಿವಿ ಕೇಳುತ್ತದೆ, ಮಾತಾಡಿ ಅಂದೆ. ನಾನೇ ಅವನ ಕಿವಿಗೆ ಬಗ್ಗಿ ಊರು ಬಂದ ಹಾಗೆ ಹೇಳುತ್ತಾ ಹೋದೆ.

ಐದು ದಿನ ವೆಂಟಿಲೇಟರಿನಲ್ಲಿದ್ದ. ಆರನೇ ದಿನ ಕಾಲ್ಬೆರಳು ಆಡಿಸಿದ. ತಿಂಗಳ ಮೇಲೆ ಅಮ್ಮನ ಜೊತೆ ನಮ್ಮ ಆಸ್ಪತ್ರೆಗೆ ಬಂದು ಹೇಳಿದ: "ಕಲಘಟಗಿ ಬಂತು ಕಣೋ ಅಂದ್ರಲ್ಲ, ನಂಗೆ ಕೇಳಿಸಿತ್ತು."

ಟೀಚರ್, ನಿಮ್ಮ ಶಾಲೆಯ ಮಕ್ಕಳಿಗೆ ಎರಡು ಮಾತು ಹೇಳಿಕೊಡಿ. ಸಾಧ್ಯವಿದ್ದಷ್ಟೂ ಮಂಚದ ಮೇಲೆ ಮಲಗುವುದು. ನೆಲವೇ ಆದರೆ ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸುವುದು.

ಪ್ರಶ್ನೆ: ಕಾರವಾರದ ಬೈತಖೋಲದವಳು ನಾನು. ಬಲೆ ಎಳೆಯುವಾಗ ಮೀನಿನ ಜೊತೆ ಕಡಲ ಹಾವು ಬರುತ್ತದೆ. ನಮ್ಮ ಗಂಡಸರು ಬಾಲ ಹಿಡಿದು ನೀರಿಗೆ ಎಸೆಯುತ್ತಾರೆ. ಅದಕ್ಕೆ ವಿಷ ಇಲ್ಲ ಅನ್ನುತ್ತಾರೆ, ನಿಜವೇ?

ನಿಜ ಅಲ್ಲ ಅಕ್ಕಾ. ದೋಣಿಯ ಹುಟ್ಟಿನ ಹಾಗೆ ಬಾಲ ಚಪ್ಪಟೆ ಇರುವ ಕಡಲ ಹಾವುಗಳಿಗೆ ವಿಷ ಇದೆ, ಜೋರಾಗಿಯೇ ಇದೆ. ಕಚ್ಚಿದರೂ ಬಹಳ ಸಲ ವಿಷ ಬಿಡುವುದಿಲ್ಲ. ಆ ಧೈರ್ಯವೇ ನಮ್ಮವರಿಗೆ ಅಭ್ಯಾಸವಾಗಿದೆ. ಕಚ್ಚಿದ ಜಾಗ ನೋಯುವುದಿಲ್ಲ. ತಾಸೆರಡು ತಾಸು ಬಿಟ್ಟು ಮೈಯೆಲ್ಲ ಕುಟ್ಟಿದ ಹಾಗೆ ನೋವು, ದವಡೆ ಬಿಗಿತ, ಆಮೇಲೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಸ್ನಾಯು ಒಡೆದು ಅದರ ಕಸವೆಲ್ಲ ಕಿಡ್ನಿಯಲ್ಲಿ ತುಂಬಿಕೊಳ್ಳುತ್ತದೆ.

ನಮ್ಮ ದೇಶದ ಎಎಸ್‌ವಿ ಕಡಲ ಹಾವಿನ ವಿಷಕ್ಕೆ ತಯಾರಾದದ್ದಲ್ಲ. ಆದ್ದರಿಂದ ನಿಮ್ಮ ವಿಷಯದಲ್ಲಿ ನನ್ನ ಸಲಹೆ ಜೋಯಿಡಾದ ತಮ್ಮನಿಗೆ ಹೇಳಿದ್ದಕ್ಕಿಂತ ಬೇರೆ. ಡಯಾಲಿಸಿಸ್, ವೆಂಟಿಲೇಟರ್ ಎರಡೂ ಇರುವ ಆಸ್ಪತ್ರೆಗೆ ಸೀದಾ ಹೋಗಿ. ಕಡಲಲ್ಲಿ ಕಚ್ಚಿದರೆ ಬಲೆ ಪೂರ್ತಿ ಎಳೆಯುವವರೆಗೆ ನಿಲ್ಲಬೇಡಿ, ಬೋಟನ್ನು ದಡಕ್ಕೆ ತಿರುಗಿಸಿ. ಹಾವನ್ನು ಬಿಡಿಸಲು ಉದ್ದ ಕೋಲಿನ ಕೊಕ್ಕೆ ಇಟ್ಟುಕೊಳ್ಳಿ, ಮೀನು ವಿಂಗಡಿಸುವವರು ದಪ್ಪ ಗ್ಲೌಸ್ ಹಾಕಿಕೊಳ್ಳಿ.

ಪ್ರಶ್ನೆ: ಎಎಸ್‌ವಿ ನಾಲ್ಕೇ ಹಾವಿಗೆ ಅಂತೆ. ಹಾಗಾದರೆ ದರಕಿನಲ್ಲಿ (ಉದುರಿದ ಒಣ ಎಲೆಗಳಲ್ಲಿ) ಇರುವ ಸಣ್ಣ ಮಂಡಲ, ಕಾಳಿಂಗ ಸರ್ಪ ಕಚ್ಚಿದರೆ? (ಸಿದ್ದಾಪುರ ತಾಲೂಕಿನ ಓದುಗರು)

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ ಅನ್ನುವುದು ನಿಜ. ಔಷಧಿಗೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನಿಂದ ಬರುತ್ತದೆ. ಅಲ್ಲಿ ಇರುಳ ಬುಡಕಟ್ಟಿನವರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘ ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗಿರುತ್ತದೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿಕೊಟ್ಟಿದ್ದಾರೆ. ನಮ್ಮ ಘಟ್ಟದ ಹಾವುಗಳಿಗೆ ತಕ್ಕ ಔಷಧಿ ತಯಾರಾಗಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ದರಕು ಗುಡಿಸುವಾಗ ಕಚ್ಚುವ, ಮೂಗಿನ ತುದಿ ಮೇಲಕ್ಕೆದ್ದ ಸಣ್ಣ ಗುಳಿಮಂಡಲ ಗೇಣುದ್ದದ್ದು, ಮೊಳದುದ್ದದ್ದು. ಒಣಗಿದ ಎಲೆಯ ಬಣ್ಣವೇ. ಅದರ ವಿಷಕ್ಕೆ ನಮ್ಮ ಎಎಸ್‌ವಿ ಕೆಲಸ ಮಾಡುವುದಿಲ್ಲ. ಹೆಚ್ಚಿನವರಿಗೆ ಬಾವು, ನೋವು ಅಷ್ಟೇ. ಕೆಲವರಿಗೆ ರಕ್ತ ಹೆಪ್ಪುಗಟ್ಟದೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಮರಿ ಕೊಳಕುಮಂಡಲವನ್ನು ಇದೇ ಅಂದುಕೊಂಡು ಮನೆಯಲ್ಲಿ ಉಳಿದವರನ್ನೂ ನೋಡಿದ್ದೇನೆ. ಯಾವುದೇ ಆದರೂ 24 ತಾಸು ಆಸ್ಪತ್ರೆಯಲ್ಲಿ ಇರಬೇಕು. ಇಂಥಲ್ಲಿ ಒಂದು ಫೋಟೋ ಇದ್ದರೆ ನಮಗೆ ಬಹಳ ಉಪಯೋಗ. ದೂರದಿಂದ ಒಂದು ಕ್ಲಿಕ್ ಸಾಕು, ಹುಡುಕಿಕೊಂಡು ಹೋಗಬೇಡಿ. ಹೊಡೆದು ತರಲೂ ಬೇಡ. ಸತ್ತ ಹಾವಿನ ತಲೆಯೂ ಕಚ್ಚಬಲ್ಲದು.

ಕಾಳಿಂಗ ಕಚ್ಚುವುದು ತೀರಾ ಅಪರೂಪ. ನಮ್ಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಅಂತ 2024ರಲ್ಲಿ ಗುರುತಿಸಿ, ಕನ್ನಡದ ಕಾಳಿಂಗ ಅನ್ನುವ ಹೆಸರನ್ನೇ ಶಾಸ್ತ್ರೀಯ ಹೆಸರಿಗೆ ಸೇರಿಸಿದ್ದಾರೆ. ಕಚ್ಚಿದರೆ ಉಸಿರು ಕೊಡುವುದೇ ಚಿಕಿತ್ಸೆ. ಅದನ್ನು ಕೆಣಕದೆ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ಪ್ರಶ್ನೆ: ನನಗೆ 74 ವರ್ಷ. ನಮ್ಮ ಅಜ್ಜನ ಕಾಲದಿಂದ ಹಾವಿಗೆ ಬೇರಿನ ಔಷಧಿ ಕೊಡುತ್ತಿದ್ದೇವೆ, ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ನೂರಕ್ಕೆ ಎಂಬತ್ತು ಜನ ಬದುಕಿದ್ದಾರೆ. ನೀವು ಡಾಕ್ಟರುಗಳು ನಮ್ಮನ್ನು ಮೋಸಗಾರರು ಅನ್ನುತ್ತೀರಿ. ಅದು ಸರಿಯೇ? (ಅಂಕೋಲಾ ಸೀಮೆಯ ನಾಟಿ ವೈದ್ಯರು)

ಸರಿಯಲ್ಲ ಹಿರಿಯರೇ. ನಾನು ಹಾಗೆ ಅಂದವಳೂ ಅಲ್ಲ. ನಡುರಾತ್ರಿ ಬಾಗಿಲು ಬಡಿದರೆ ದೀಪ ಹಚ್ಚಿಕೊಂಡು ಎದ್ದು ಬರುವವರು ನೀವು. ಜನ ನಿಮ್ಮ ಹತ್ತಿರ ಬರುವುದು ಆ ನಂಬಿಕೆಗೆ. ಅದಕ್ಕೇ ನಿಮ್ಮ ಹತ್ತಿರ ಬಿಚ್ಚುಮನಸ್ಸಿನಿಂದ ಲೆಕ್ಕ ಹೇಳುತ್ತೇನೆ.

ಹಾವು ಕಚ್ಚಿತು ಅಂತ ನೂರು ಜನ ಬಂದರೆ, ಅಂದಾಜು 70 ಜನರಿಗೆ ಕಚ್ಚಿದ್ದು ವಿಷವಿಲ್ಲದ ಹಾವು. ಉಳಿದ 30ರಲ್ಲಿ ಅರ್ಧದಷ್ಟು ಜನರಿಗೆ ಹಾವು ಹಲ್ಲೂರಿದರೂ ವಿಷ ಬಿಟ್ಟಿರುವುದಿಲ್ಲ. ಈ 85 ಜನ ಏನೂ ಕೊಡದಿದ್ದರೂ ಬದುಕುತ್ತಾರೆ. ನೀವು ಹೇಳಿದ ಎಂಬತ್ತು ಇವರೇ. ಉಳಿದ 15 ಜನರ ಮೈಯಲ್ಲಿ ನಿಜವಾಗಿ ವಿಷ ಇರುತ್ತದೆ. ಅವರ ವಿಷವನ್ನು ಹಿಡಿದು ನಿಲ್ಲಿಸುವ ಬೇರು ಇದುವರೆಗೆ ಸಿಕ್ಕಿಲ್ಲ. ಬಾಗಿಲಿಗೆ ಬಂದಾಗ ನೂರು ಜನರೂ ಒಂದೇ ಥರ ಕಾಣುತ್ತಾರೆ. ನಿಮಗೂ ಗೊತ್ತಾಗುವುದಿಲ್ಲ, ನನಗೂ ನೋಡಿದ ತಕ್ಷಣ ಗೊತ್ತಾಗುವುದಿಲ್ಲ. ನನ್ನ ಹತ್ತಿರ ಆ ಗಾಜಿನ ನಳಿಗೆ ಇದೆ, ಒಂದು ದಿನ ಇಟ್ಟುಕೊಂಡು ನೋಡುವ ಮಂಚ ಇದೆ.

ನಿಮ್ಮಿಂದ ಒಂದೇ ಉಪಕಾರ ಕೇಳುತ್ತೇನೆ. ಬಂದವರ ತಲೆ ಮೇಲೆ ಕೈಯಿಟ್ಟು, "ಹೆದರಬೇಡ, ಏನೂ ಆಗೋದಿಲ್ಲ, ಮೊದಲು ಆಸ್ಪತ್ರೆಗೆ ಹೋಗಿ ಬಾ" ಅಂತ ಹೇಳಿ. ಬಾಯಿಗೆ ಏನೂ ಕೊಡಬೇಡಿ, ಕಟ್ಟಬೇಡಿ. ನಾನು ಹೇಳಿದರೆ ಅನುಮಾನ ಪಡುವವರು ನೀವು ಹೇಳಿದರೆ ಎದ್ದು ಹೊರಡುತ್ತಾರೆ. ಹೋಗುವ ಮೊದಲು ಆಸ್ಪತ್ರೆಗೆ ನಿಮ್ಮ ಮನೆಯಿಂದಲೇ ಫೋನ್ ಮಾಡಿಸಿ.

ನಿಮ್ಮ ಪತ್ರದಲ್ಲಿ ವಿಳಾಸ ಇದೆ. ಚೌತಿ ಕಳೆದ ಮೇಲಿನ ಭಾನುವಾರ ನನಗೆ ಡ್ಯೂಟಿ ಇಲ್ಲ. ನಿಮ್ಮ ಮನೆಗೆ ಬರುತ್ತೇನೆ. ಬರುವಾಗ ಎರಡು ನಳಿಗೆ ತರುತ್ತೇನೆ. ಒಂದರಲ್ಲಿ ನನ್ನ ರಕ್ತ ಹಾಕಿ ನಿಮ್ಮ ಜಗಲಿಯ ಮೇಲೆ ಇಡೋಣ, ಇಪ್ಪತ್ತು ನಿಮಿಷ ಕವಳ ಹಾಕುತ್ತಾ ಮಾತಾಡೋಣ. ಆಮೇಲೆ ನೀವೇ ಬಗ್ಗಿಸಿ ನೋಡಿ.